ಬಿರುಗಾಳಿಗೂ ಮೊದಲು ಹೊರಟವರು

ಪ್ರೇಮಕಥೆಯೊಳಗೆ ಬಿರುಗಾಳಿ ಬಂತೆಂದರೆ ನನಗೆ ಅನುಮಾನ ಶುರುವಾಗುತ್ತದೆ. ತನ್ನಿಂದ ಬಿಡಿಸಲಾಗದ ಗಂಟನ್ನು ಕಥೆಗಾರ ಪ್ರಕೃತಿಯ ಕೈಗೆ ಕೊಟ್ಟು ಪಾರಾಗುತ್ತಿದ್ದಾನೇನೋ ಅನಿಸುತ್ತದೆ. ನಾಯಕ ಸಾಯಬೇಕು, ಆದರೆ ಹೊಣೆ ಯಾರ ಮೇಲೂ ಬರಬಾರದು. ಆಗ ಒಂದು ಪ್ರವಾಹ ಸಿಕ್ಕರೆ ಅನುಕೂಲ. ಎಂ.ಎ. ಓದುವಾಗ ಜೋರಾ ನೀಲ್ ಹರ್ಸ್ಟನ್ ಅವರ ‘ದೇರ್ ಐಸ್ ವರ್ ವಾಚಿಂಗ್ ಗಾಡ್’ ಕಾದಂಬರಿಯ ಬಗ್ಗೆಯೂ ನಾನು ಹೀಗೇ ಬರೆದಿದ್ದೆ. ಹದಿನೆಂಟನೆಯ ಅಧ್ಯಾಯದ ಚಂಡಮಾರುತ ಕಥೆಗೆ ಹೊರಗಿನಿಂದ ಅಂಟಿಸಿದ್ದು ಎಂದು. ಆ ಉತ್ತರಕ್ಕೆ ಒಳ್ಳೆಯ ಅಂಕವೂ ಬಂದಿತ್ತು. ಈಚೆಗೆ ಕಾದಂಬರಿಯನ್ನು ಮತ್ತೆ ಓದಿದೆ. ಆ ಅಂಕ ವಾಪಸು ಕೊಡಬೇಕು.

ಓದದವರಿಗಾಗಿ ಕಥೆಯನ್ನು ಬೇಗ ಹೇಳಿಬಿಡುತ್ತೇನೆ. ಜೇನಿ ಫ್ಲಾರಿಡಾದ ಕಪ್ಪು ಹೆಣ್ಣುಮಗಳು. ಗುಲಾಮಗಿರಿಯನ್ನು ಕಂಡುಂಡ ಅವಳ ಅಜ್ಜಿಗೆ ಮೊಮ್ಮಗಳು ಎಲ್ಲಾದರೂ ಸುರಕ್ಷಿತವಾಗಿದ್ದರೆ ಸಾಕು. ಅರವತ್ತು ಎಕರೆ ಜಮೀನಿರುವ ಲೋಗನ್ ಕಿಲಿಕ್ಸ್‌ಗೆ ಅವಳನ್ನು ಮದುವೆ ಮಾಡಿಕೊಡುತ್ತಾಳೆ. ಅವನನ್ನು ಬಿಟ್ಟು ಜೇನಿ ಜೋ ಸ್ಟಾರ್ಕ್ಸ್ ಎಂಬ ಮಹತ್ವಾಕಾಂಕ್ಷಿಯ ಜೊತೆ ಕಪ್ಪು ಜನರೇ ಕಟ್ಟಿಕೊಂಡ ಈಟನ್‌ವಿಲ್ ಊರಿಗೆ ಹೋಗುತ್ತಾಳೆ. ಜೋ ಅಲ್ಲಿ ಮೇಯರ್ ಆಗುತ್ತಾನೆ, ಅಂಗಡಿ ಇಡುತ್ತಾನೆ, ಆ ಅಂಗಡಿಯಲ್ಲಿ ಹೆಂಡತಿ ತಲೆಗೆ ಬಟ್ಟೆ ಕಟ್ಟಿಕೊಂಡೇ ನಿಲ್ಲಬೇಕೆಂದು ಕಟ್ಟಪ್ಪಣೆ ಮಾಡುತ್ತಾನೆ. ಅವಳ ಉದ್ದ ಕೂದಲನ್ನು ಬೇರೆ ಗಂಡಸರು ನೋಡಬಾರದು. ಅವನು ಸತ್ತ ಮೇಲೆ, ನಲವತ್ತರ ಹೊಸ್ತಿಲಲ್ಲಿರುವ ಜೇನಿಯ ಅಂಗಡಿಗೆ ಟೀ ಕೇಕ್ ಬರುತ್ತಾನೆ. ಅವಳಿಗಿಂತ ಹನ್ನೆರಡು ವರ್ಷದಷ್ಟು ಚಿಕ್ಕವನು, ಜೂಜುಕೋರ, ಗಿಟಾರ್ ನುಡಿಸುವವನು. ಬಂದವನೇ ಚೆಕರ್ಸ್ ಹಾಸು ಹಾಕಿ ಅವಳನ್ನು ಆಟಕ್ಕೆ ಕರೆಯುತ್ತಾನೆ. ಅವಳೂ ಆಡಬಹುದು ಎಂದು ಅಲ್ಲಿಯವರೆಗೆ ಯಾರಿಗೂ ಹೊಳೆದಿರಲಿಲ್ಲ. ಕಾದಂಬರಿಯಲ್ಲಿ ಚುಂಬನಗಳು ಬೇಕಾದಷ್ಟಿವೆ. ನನಗೆ ಮಾತ್ರ ಪ್ರೇಮದ ದೃಶ್ಯವೆಂದರೆ ಇದೇ.

ಇಬ್ಬರೂ ದಕ್ಷಿಣಕ್ಕೆ, ಎವರ್‌ಗ್ಲೇಡ್ಸ್‌ನ ಕಪ್ಪು ಜವುಗುಮಣ್ಣಿನ ಹೊಲಗಳಿಗೆ ಹೋಗುತ್ತಾರೆ. ಹಗಲು ಬೀನ್ಸ್ ಕೀಳುವುದು, ರಾತ್ರಿ ಹಾಡು, ಜೂಜು, ಹರಟೆ. ಪಕ್ಕದಲ್ಲಿ ಓಕಿಚೋಬಿ ಎಂಬ ದೊಡ್ಡ ಸರೋವರ. ಅದನ್ನು ತಡೆದು ನಿಲ್ಲಿಸಿರುವುದು ಒಂದು ಮಣ್ಣಿನ ಒಡ್ಡು. ಇದು ಕಲ್ಪನೆಯಲ್ಲ. 1928ರ ಸೆಪ್ಟೆಂಬರ್ 16ರ ರಾತ್ರಿ ಚಂಡಮಾರುತ ಆ ಒಡ್ಡನ್ನು ಒಡೆಯಿತು. ಕನಿಷ್ಠ 2,500 ಜನ ಸತ್ತರು. ಅವರಲ್ಲಿ ಹೆಚ್ಚಿನವರು ಕೂಲಿಗೆಂದು ಬಂದಿದ್ದ ಕಪ್ಪು ಕಾರ್ಮಿಕರು. ಒಂಬತ್ತು ವರ್ಷಗಳ ನಂತರ, 1937ರಲ್ಲಿ, ಹರ್ಸ್ಟನ್ ಕಾದಂಬರಿ ಬಂತು. ಹೈಟಿಯಲ್ಲಿದ್ದಾಗ ಏಳು ವಾರಗಳಲ್ಲಿ ಅದನ್ನು ಬರೆದು ಮುಗಿಸಿದ್ದರಂತೆ.

ಹಿಂದಿನ ಓದಿನಲ್ಲಿ ನಾನು ಗಾಳಿಯನ್ನೇ ನೋಡಿದ್ದೆ, ಗಾಳಿಗೆ ಮುಂಚಿನ ಪುಟಗಳನ್ನು ನೋಡಿರಲಿಲ್ಲ. ಒಂದು ಮಧ್ಯಾಹ್ನ ಸೆಮಿನೋಲ್ ಬುಡಕಟ್ಟಿನವರು ಸಾಲಾಗಿ ಪೂರ್ವಕ್ಕೆ ಹೊರಟಿರುವುದು ಜೇನಿಗೆ ಕಾಣುತ್ತದೆ. ಗರಗಸದ ಹುಲ್ಲು ಹೂ ಬಿಟ್ಟಿದೆ, ಬಿರುಗಾಳಿ ಬರುತ್ತದೆ ಎನ್ನುತ್ತಾರೆ ಅವರು. ಮರುದಿನ ಇನ್ನಷ್ಟು ಮಂದಿ. ಆಮೇಲೆ ಮೊಲಗಳು, ಹಾವುಗಳು, ಜಿಂಕೆಗಳು, ಎಲ್ಲವೂ ಅದೇ ದಿಕ್ಕಿಗೆ. ಕೊನೆಗೆ ಪರಿಚಯದ ಹುಡುಗನೊಬ್ಬ ಬಂದು, ಕಾರಿದೆ, ಜಾಗವಿದೆ, ಬನ್ನಿ ಎನ್ನುತ್ತಾನೆ. ಟೀ ಕೇಕ್ ಒಲ್ಲೆನೆನ್ನುತ್ತಾನೆ. ಬೀನ್ಸ್‌ಗೆ ಒಳ್ಳೆಯ ಬೆಲೆ ಬಂದಿದೆ, ದಿನಕ್ಕೆ ಏಳೆಂಟು ಡಾಲರ್ ಕೂಲಿ ಸಿಗುತ್ತಿದೆ. ಬಿಳಿಯರಾರೂ ಕದಲಿಲ್ಲ, ಅಪಾಯವಿದ್ದಿದ್ದರೆ ಅವರಿಗೆ ಗೊತ್ತಾಗದೆ ಇರುತ್ತಿತ್ತೆ? ಇನ್ನು ಸೆಮಿನೋಲರ ವಿಷಯ. ಅಷ್ಟು ತಿಳಿದವರಾಗಿದ್ದರೆ ಅವರು ನೆಲವನ್ನು ಕಳೆದುಕೊಳ್ಳುತ್ತಲೇ ಇರಲಿಲ್ಲ ಎಂಬುದು ಅವನ ವಾದ.

ಈ ವಾದ ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿತು. ಹುಲ್ಲು ಯಾವಾಗ ಹೂ ಬಿಡುತ್ತದೆಂದು ಬಲ್ಲವರು ಸೆಮಿನೋಲರು. ಆದರೆ ಟೀ ಕೇಕ್ ತಿಳಿವಳಿಕೆಯನ್ನು ಅಳೆಯುವುದು ಅಧಿಕಾರದ ಅಳತೆಗೋಲಿನಿಂದ. ಸೋತವರಿಗೆ ಏನು ಗೊತ್ತು, ಗೆದ್ದವರಿಗೆ ಎಲ್ಲ ಗೊತ್ತು. ಈ ಅಳತೆಗೋಲಿನಲ್ಲಿ ಅವನೇ ಎಲ್ಲಿ ನಿಲ್ಲುತ್ತಾನೆಂಬುದು ಅವನಿಗೆ ಹೊಳೆಯುವುದಿಲ್ಲ. ಅವನು ದಡ್ಡನಲ್ಲ, ಕೂಲಿಯ ಸೀಸನ್ ಬಿಟ್ಟು ಎದ್ದು ಹೋಗುವುದು ಯಾರಿಗೂ ಸುಲಭವಲ್ಲ. ಆದರೂ ದುರಂತ ನಡೆಯುವುದು ಗಾಳಿ ಎದ್ದಾಗಲ್ಲ. ಕಾರು ಹೊರಟುಹೋದಾಗ ಅದು ನಡೆದುಹೋಗಿದೆ.

ಜೇನಿ? ಅವಳು ಸೆಮಿನೋಲರನ್ನು ಕಣ್ಣಾರೆ ಕಂಡವಳು, ಕೇಳಿದವಳು. ಆದರೂ ಅವನು ಇದ್ದಲ್ಲಿ ಇರುತ್ತಾಳೆ. ಗುಡಿಸಲಿನ ಮೇಲೆ ಗಾಳಿ ಬಡಿಯುತ್ತಿರುವಾಗ ಟೀ ಕೇಕ್ ಅಳುಕುತ್ತಾ ಕೇಳುತ್ತಾನೆ, ನಿನ್ನ ದೊಡ್ಡ ಮನೆಯಲ್ಲೇ ಇದ್ದಿದ್ದರೆ ಚೆನ್ನಾಗಿತ್ತಲ್ಲವೇ ಎಂದು. ಇಲ್ಲ ಎನ್ನುತ್ತಾಳೆ. ಈಗ ಸತ್ತರೂ ಪರವಾಗಿಲ್ಲ, ಬದುಕಿನಲ್ಲಿ ಒಮ್ಮೆ ಬೆಳಕು ಕಂಡೆ ಎಂಬರ್ಥದ ಮಾತು. ನನ್ನ ಸಹಪಾಠಿಗಳು ಅಡಿಗೆರೆ ಎಳೆದುಕೊಂಡಿದ್ದ ಭಾಗ ಇದು, ನಾನೂ ಎಳೆದಿದ್ದೆ. ಇವತ್ತಿಗೂ ಆ ಮಾತು ನನ್ನನ್ನು ಅಲುಗಾಡಿಸುತ್ತದೆ, ಜೊತೆಗೆ ಹೆದರಿಸುತ್ತದೆ ಕೂಡ. ಅಜ್ಜಿ ಕೊಡಿಸಿದ ಸುರಕ್ಷತೆ ಅವಳನ್ನು ಉಸಿರು ಕಟ್ಟಿಸಿತ್ತು, ನಿಜ. ಆದರೆ ಸುರಕ್ಷತೆಯನ್ನೇ ಧಿಕ್ಕರಿಸುವುದು ಪ್ರೇಮವಾಗಿಬಿಟ್ಟರೆ ಕಾರು ಹತ್ತಿ ಎಂದು ಹೇಳುವ ನಾಲಿಗೆ ಯಾರಿಗೆ ಉಳಿಯುತ್ತದೆ?

ಮುಂದಿನದು ನೀರಿನ ಮೇಲಿನ ಕಥೆ. ದಣಿದು ಬಿದ್ದ ಟೀ ಕೇಕ್‌ಗೆ ಹೊದಿಸಲೆಂದು ಹಾರಿಬಂದ ಟಾರು ಕಾಗದದ ಚಾವಣಿ ತುಂಡೊಂದನ್ನು ಹಿಡಿಯಲು ಹೋಗಿ ಜೇನಿ ನೀರಿಗೆ ಬೀಳುತ್ತಾಳೆ. ಈಜುತ್ತಿರುವ ಹಸುವಿನ ಬಾಲ ಹಿಡಿಯುತ್ತಾಳೆ. ಹಸುವಿನ ಮೇಲೆ ಒಂದು ನಾಯಿ. ಅದು ಅವಳ ಮೇಲೆರಗಲು ಬಂದಾಗ ಟೀ ಕೇಕ್ ಧುಮುಕಿ ಅದನ್ನು ಚಾಕುವಿನಿಂದ ಕೊಲ್ಲುತ್ತಾನೆ. ಅಷ್ಟರಲ್ಲಿ ಅದು ಅವನ ಕೆನ್ನೆಯ ಎಲುಬಿಗೆ ಕಚ್ಚಿರುತ್ತದೆ. ಅದು ಹುಚ್ಚುನಾಯಿ. ಗಾಳಿ ಅವನನ್ನು ಕೊಲ್ಲುವುದಿಲ್ಲ. ಸುಮಾರು ನಾಲ್ಕು ವಾರಗಳ ನಂತರ ರೇಬಿಸ್ ತಲೆ ಎತ್ತುತ್ತದೆ.

ಅದಕ್ಕೂ ಮೊದಲು ಪಾಮ್ ಬೀಚ್‌ನಲ್ಲಿ ಬಂದೂಕು ಹಿಡಿದ ಬಿಳಿಯರು ಅವನನ್ನು ಹೆಣ ಹೂಳುವ ಕೆಲಸಕ್ಕೆ ಎಳೆದೊಯ್ಯುತ್ತಾರೆ. ಬಿಳಿಯರ ಹೆಣಕ್ಕೆ ಪೆಟ್ಟಿಗೆ, ಕಪ್ಪು ಜನರದ್ದಕ್ಕೆ ಸುಣ್ಣ ಮತ್ತು ಗುಂಡಿ. ಊದಿಹೋದ ದೇಹದ ಬಣ್ಣ ತಿಳಿಯದಿದ್ದರೆ ಕೂದಲು ನೋಡಿ ತೀರ್ಮಾನಿಸಬೇಕು. ಜೋ ಸ್ಟಾರ್ಕ್ಸ್ ಬಟ್ಟೆಯಲ್ಲಿ ಮುಚ್ಚಿಡಿಸಿದ ಅದೇ ಕೂದಲು ಇಲ್ಲಿ ಸತ್ತವರ ಜಾತಿಪ್ರಮಾಣಪತ್ರವಾಗಿ ತಿರುಗಿ ಬರುತ್ತದೆ. ಇದಕ್ಕೂ ಇತಿಹಾಸವೇ ಆಧಾರ: ವೆಸ್ಟ್ ಪಾಮ್ ಬೀಚ್‌ನ ಒಂದೇ ಗುಂಡಿಯಲ್ಲಿ 674 ಕಪ್ಪು ಜನರನ್ನು ಹೂಳಲಾಯಿತು, ದಶಕಗಳ ಕಾಲ ಅಲ್ಲೊಂದು ಕಲ್ಲೂ ಇರಲಿಲ್ಲ.

ರಿಚರ್ಡ್ ರೈಟ್ ಇಂಥ ಪುಟಗಳನ್ನು ಹೇಗೆ ಓದಿದರೋ ತಿಳಿಯದು. 1937ರ ಅಕ್ಟೋಬರ್‌ನಲ್ಲಿ ‘ನ್ಯೂ ಮಾಸಸ್’ ಪತ್ರಿಕೆಯಲ್ಲಿ ಅವರು ಈ ಕಾದಂಬರಿಗೆ ವಸ್ತುವೂ ಇಲ್ಲ, ಸಂದೇಶವೂ ಇಲ್ಲ, ಬಿಳಿಯ ಓದುಗರನ್ನು ರಂಜಿಸುವ ಬರಹ ಎಂಬಂತೆ ತಳ್ಳಿಹಾಕಿದರು. ನಮಗೂ ಈ ಜಗಳ ಹೊಸದಲ್ಲ. ನೊಂದ ಸಮುದಾಯದ ಲೇಖಕ ಪ್ರೇಮವನ್ನು, ನಗುವನ್ನು, ಊರಿನ ಮಾತನ್ನು ಬರೆದರೆ ‘ಪ್ರತಿಭಟನೆ ಎಲ್ಲಿ’ ಎಂದು ಕೇಳುವವರು ಇಲ್ಲೂ ಇದ್ದಾರೆ. ಹರ್ಸ್ಟನ್‌ರನ್ನು ಕನ್ನಡಕ್ಕೆ ತರಬೇಕೆನ್ನುವವರು ಮೊದಲು ದೇವನೂರ ಮಹಾದೇವ ಅವರ ‘ಕುಸುಮಬಾಲೆ’ಯನ್ನು ಮತ್ತೊಮ್ಮೆ ಓದಿಕೊಳ್ಳಲಿ ಎಂಬುದು ನನ್ನ ಆಸೆ. ಅಲ್ಲೂ ಒಂದು ಪ್ರೇಮವಿದೆ, ಅದಕ್ಕೆ ತೆರಬೇಕಾದ ಜೀವವಿದೆ. ಒಂದು ಸೀಮೆಯ ಆಡುಮಾತು ಇಡೀ ಕಥನದ ಭಾರ ಹೊರಬಲ್ಲದು ಎಂಬುದಕ್ಕೆ ಅದಕ್ಕಿಂತ ಸಾಕ್ಷಿ ಬೇಡ.

ಆದರೂ ನನ್ನದೊಂದು ತಕರಾರು ಉಳಿದಿದೆ. ಅದು ರೈಟ್‌ರ ತಕರಾರಲ್ಲ. ಚಂಡಮಾರುತಕ್ಕೆ ಒಂದು ಅಧ್ಯಾಯ ಮುಂಚೆ ಟೀ ಕೇಕ್ ಜೇನಿಗೆ ಹೊಡೆಯುತ್ತಾನೆ. ಅವಳು ಏನೂ ಮಾಡಿಲ್ಲ. ಟರ್ನರ್ ಎಂಬ ಹೆಂಗಸು ತನ್ನ ತಮ್ಮನಿಗೆ ಜೇನಿಯನ್ನು ಗಂಟು ಹಾಕಲು ನೋಡುತ್ತಿದ್ದಾಳೆ, ಆದ್ದರಿಂದ ಇವಳು ಯಾರವಳು ಎಂದು ಲೋಕಕ್ಕೆ ತೋರಿಸಬೇಕು. ಈ ಹೊಡೆತವನ್ನು ಕಾದಂಬರಿ ಲಘುವಾಗಿ ದಾಟಿಬಿಡುತ್ತದೆ. ರೋಗ ಏರಿದಾಗ ಅವನನ್ನು ಕಾಡುವುದು ಏನು? ಅದೇ ತಮ್ಮ ಊರಿಗೆ ಮರಳಿದ್ದಾನೆಂಬ ಸುದ್ದಿ. ಹೊಟ್ಟೆಕಿಚ್ಚು ಅದೇ, ಕೈಗೆ ಪಿಸ್ತೂಲು ಮಾತ್ರ ಹೊಸದು. ಇದು ಅವನಲ್ಲ, ನಾಯಿಯ ವಿಷ ಎಂದು ಜೇನಿ ನಂಬುತ್ತಾಳೆ, ಕಾದಂಬರಿಯೂ ನಂಬಬೇಕೆನ್ನುತ್ತದೆ. ನನಗೆ ಪೂರ್ತಿ ನಂಬಲಾಗುವುದಿಲ್ಲ. ಬಿರುಗಾಳಿ ಇಲ್ಲಿ ಹರ್ಸ್ಟನ್‌ಗೆ ಅನುಕೂಲ ಮಾಡಿಕೊಟ್ಟಿದೆ: ನಾಯಕ ಕೊಲ್ಲಲು ಬರುತ್ತಾನೆ, ಆದರೂ ನಿರಪರಾಧಿಯಾಗಿಯೇ ಸಾಯುತ್ತಾನೆ. ಹಳೆಯ ಉತ್ತರಪತ್ರಿಕೆಯ ಅಂಕಗಳಲ್ಲಿ ಒಂದೆರಡನ್ನು ಬೇಕಾದರೆ ಇದಕ್ಕಾಗಿ ಇಟ್ಟುಕೊಳ್ಳುತ್ತೇನೆ.

ಆದರೆ ಲೇಖಕಿಗೆ ಇದು ಗೊತ್ತಿರಲಿಲ್ಲ ಎನ್ನಲು ಧೈರ್ಯ ಬರುವುದಿಲ್ಲ. ಅವನ ದಿಂಬಿನಡಿ ಪಿಸ್ತೂಲು ಕಂಡಾಗ ಜೇನಿ ಗುಂಡುಗಳನ್ನು ತೆಗೆದುಹಾಕುವುದಿಲ್ಲ. ಮೊದಲ ಮೂರು ಸಲ ಬರಿದೇ ಕ್ಲಿಕ್ ಎನ್ನುವಂತೆ ಗುಂಡಿನ ಗಾಲಿಯನ್ನು ತಿರುಗಿಸಿಡುತ್ತಾಳೆ. ಮೂರು ಅವಕಾಶ. ಅವನು ಮೂರನ್ನೂ ಕಳೆದ ಮೇಲೆ, ಅವನೇ ಗುರಿ ಕಲಿಸಿದ ಕೈಯಿಂದ, ರೈಫಲ್ ಎತ್ತಿ ಹೊಡೆಯುತ್ತಾಳೆ. ಬೀನ್ಸ್ ಹೊಲದ ಪಕ್ಕದಲ್ಲಿ ಮೈಮರೆತು ಕುಳಿತಿದ್ದ ಹೆಂಗಸು ಇವಳಲ್ಲ. ಅಂದು ಮೂರು ಎಚ್ಚರಿಕೆ ಬಂದಿದ್ದವು: ಸೆಮಿನೋಲರು, ಪ್ರಾಣಿಗಳು, ಕಾರು. ಈ ಸಲ ಅವಳೇ ಎಣಿಸುತ್ತಿದ್ದಾಳೆ.