ಗ್ರೀಕ್ ಪ್ರಹಸನವೂ ನಮ್ಮ ಸಂಶೋಧನ ಲೇಖನಗಳೂ

ನಮ್ಮ ಸಂಘದ ಹಿಂದಿನ ಸಮ್ಮೇಳನಗಳ ಸ್ಮರಣ ಸಂಚಿಕೆಗಳನ್ನು ಈ ಮಳೆಗಾಲದಲ್ಲಿ ಮತ್ತೊಮ್ಮೆ ಕುಳಿತು ಓದಿದೆವು. ಕವಿತೆಗಳ ಮಾತು ಬೇರೆ. ಅವನ್ನು ವಿವೇಚಿಸಬಲ್ಲವರು ನಮ್ಮಲ್ಲಿ ಹಲವರಿದ್ದಾರೆ. ನಾವು ಇಲ್ಲಿ ಪರಿಶೀಲಿಸಹೊರಟಿರುವುದು ಸಂಶೋಧನ ಲೇಖನಗಳೆಂಬ ಹೆಸರಿನಲ್ಲಿ ಬರುವ ಬರಹಗಳನ್ನು. ಇವು ಇತಿಹಾಸ, ಅರ್ಥಶಾಸ್ತ್ರ, ಜೀವಶಾಸ್ತ್ರಗಳನ್ನು ದಾಟಿ ಈಚೆಗೆ ರೋಬಾಟುಗಳವರೆಗೂ ಕೈಚಾಚಿವೆ. ಈ ವ್ಯಾಪ್ತಿ ಸಂತೋಷದ್ದೇ. ಆದರೆ ಆಧಾರವು ಎಷ್ಟು ಭಾರವನ್ನು ಹೊರಬಲ್ಲುದೆಂದು ನೋಡದೆ ತೀರ್ಮಾನವನ್ನು ಅದರ ಮೇಲೆ ಹೇರುವ ರೂಢಿಯೊಂದು ಅವುಗಳಲ್ಲಿ ಕಾಣುತ್ತದೆ. ಈ ದೋಷದಲ್ಲಿ ನಮಗೂ ಪಾಲಿರುವುದರಿಂದ ಅನ್ಯರ ಹೆಸರೆತ್ತದೆ ನಮ್ಮಿಂದಲೇ ಆರಂಭಿಸುತ್ತೇವೆ.

ಕಾಸರಗೋಡಿನ ಶಾಲೆಗಳಲ್ಲಿ ನವೆಂಬರ್ 1ರಂದು ಕೇರಳ ಪಿರವಿಯ ಆಚರಣೆ. ಅದು ಮುಗಿದ ಮೇಲೆ ಕನ್ನಡ ತರಗತಿಗೆ ಹೋಗಿ ನಾವು ರಾಜ್ಯೋತ್ಸವದ ಎರಡು ಮಾತು ಹೇಳುತ್ತಿದ್ದೆವು. ಅದರಲ್ಲಿ ಪ್ರತಿವರ್ಷವೂ ತಪ್ಪದೆ ಬರುತ್ತಿದ್ದುದು ಗ್ರೀಕ್ ಪ್ರಹಸನದ ಪ್ರಸ್ತಾಪ. ಹಲ್ಮಿಡಿ ಶಾಸನಕ್ಕಿಂತಲೂ ಹಿಂದೆ, ಎರಡನೆಯ ಶತಮಾನದಲ್ಲಿಯೇ, ಈಜಿಪ್ತಿನ ನಾಟಕದಲ್ಲಿ ಕನ್ನಡ ಮಾತುಗಳಿದ್ದವು ಎಂದಾಗ ಮಕ್ಕಳ ಮುಖ ಅರಳುತ್ತಿತ್ತು. ಒಂದು ವರ್ಷ ತುಳು ಮನೆಮಾತಿನ ಹುಡುಗನೊಬ್ಬ ಎದ್ದುನಿಂತು, “ಅದು ತುಳು ಅಂತ ನಮ್ಮ ಅಜ್ಜ ಹೇಳ್ತಾರೆ ಮಾಷ್ಟ್ರೇ, ಯಾವುದು ಅಂತ ಹೇಗೆ ಗೊತ್ತಾಗುದು?” ಎಂದು ಕೇಳಿದ. ಕುಳಿತುಕೊ ಎಂದೆವು. ನಮ್ಮಲ್ಲಿ ಉತ್ತರವಿರಲಿಲ್ಲ.

ಆ ಉತ್ತರವನ್ನು ಹುಡುಕಿಕೊಂಡು ಹೋದದ್ದು ನಿವೃತ್ತಿಯ ಅನಂತರ. ಈಜಿಪ್ತಿನ ಆಕ್ಸಿರಿಂಕಸ್ ಎಂಬಲ್ಲಿ ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಇಬ್ಬರು ವಿದ್ವಾಂಸರು ಪಪೈರಸ್ ಹಾಳೆಗಳ ರಾಶಿಯನ್ನೇ ಅಗೆದು ತೆಗೆದರು. ಅದರಲ್ಲಿನ 413ನೆಯ ಸಂಖ್ಯೆಯ ಪ್ರಹಸನವನ್ನು 1903ರಲ್ಲಿ ಪ್ರಕಟಿಸಿದರು. ಖಾರಿಟಿಯೋನ್ ಎಂಬ ಗ್ರೀಕ್ ತರುಣಿ ಭಾರತದ ಕಡಲತೀರದಲ್ಲಿ ಸೆರೆಯಲ್ಲಿದ್ದಾಳೆ; ಅಣ್ಣನೂ ಸಂಗಡಿಗರೂ ಬಂದು ಅಲ್ಲಿನ ರಾಜನಿಗೆ ನೀರು ಬೆರೆಸದ ಮದ್ಯ ಕುಡಿಸಿ ಅವಳನ್ನು ಬಿಡಿಸಿಕೊಂಡು ಹೋಗುತ್ತಾರೆ. ನಡುವೆ ವಿದೂಷಕನ ಒರಟು ಹಾಸ್ಯ; ಎಲ್ಲೆಲ್ಲಿ ವಾದ್ಯ ಬಾರಿಸಬೇಕೆಂಬ ಗುರುತುಗಳೂ ಹಸ್ತಪ್ರತಿಯಲ್ಲಿವೆ. ಚೆಂಡೆಯ ಸದ್ದಿನಲ್ಲಿ ಬೆಳೆದ ನಮಗೆ ಆ ಗುರುತುಗಳನ್ನು ತಿಳಿದಾಗ ಆದ ಆನಂದವನ್ನು ಮುಚ್ಚಿಡಬೇಕಾಗಿಲ್ಲ. ರಾಜನೂ ಅವನ ಕಡೆಯವರೂ ಆಡುವ ಪರಭಾಷೆಯ ಮಾತುಗಳು ಗ್ರೀಕ್ ಅಕ್ಷರಗಳಲ್ಲಿವೆ. ಅವು ಕನ್ನಡವಿರಬಹುದೆಂದು 1904ರಲ್ಲಿ ಜರ್ಮನ್ ವಿದ್ವಾಂಸ ಹುಲ್ಟ್ಸ್ ಸೂಚಿಸಿದರು. ಮೈಸೂರಿನ ಆರ್. ಶಾಮಶಾಸ್ತ್ರಿಗಳು ಆ ವಾದವನ್ನು ಮುಂದುವರಿಸಿದರು. ನಮ್ಮ ಮಂಜೇಶ್ವರದ ಗೋವಿಂದ ಪೈಗಳೂ ಅದರಲ್ಲಿ ಆಸಕ್ತರಾದರು.

ವಾದದ ಬಲವೆಷ್ಟು? ‘ಬೇರೆ’, ‘ಕೊಂಚ’ ಎಂಬಂಥ ಶಬ್ದಗಳು ಕಿವಿಗೆ ಬೀಳುವುದು ನಿಜ. ಆದರೆ ‘ಮಧು’ ಎಂದು ಓದಲಾಗಿರುವಲ್ಲಿ ಹಸ್ತಪ್ರತಿಯ ಅಕ್ಷರಗಳು ಹೇಳುವುದು ‘ದಮುನ್’ ಎಂದು. ಅಕ್ಷರಗಳನ್ನು ಹಿಂದುಮುಂದು ಮಾಡಿದರೆ ಮಾತ್ರ ನಮಗೆ ಬೇಕಾದ ಮಧು ಸಿಗುತ್ತದೆ. ನಮ್ಮ ಚಕಾರವಾಗಲಿ ಟಕಾರವಾಗಲಿ ಗ್ರೀಕ್ ಲಿಪಿಯಲ್ಲಿಲ್ಲ. ಹೀಗಿರುವಾಗ ಪಲ್ಲಟಕ್ಕೂ ಅನುಮತಿ ಕೊಟ್ಟರೆ ಆ ಸಾಲುಗಳಲ್ಲಿ ಯಾವ ಭಾಷೆ ತಾನೇ ಕಾಣಿಸದು? ಲಂಡನ್ನಿನ ಎಲ್. ಡಿ. ಬಾರ್ನೆಟ್ 1926ರಲ್ಲಿಯೇ ಈ ಕನ್ನಡ ಓದನ್ನು ಒಪ್ಪಲಿಲ್ಲ. ಅವರು ಕನ್ನಡವನ್ನು ಅರಿಯದವರಲ್ಲ. ಕರ್ನಾಟಕದ ಹಲವು ಶಾಸನಗಳನ್ನು ಸಂಪಾದಿಸಿದವರು. ಮುಂದೆ ಅದೇ ಸಾಲುಗಳನ್ನು ತುಳುವೆಂದು ಓದಿದವರೂ ಬಂದರು. ಹುಡುಗನ ಅಜ್ಜ ಗಾಳಿಮಾತನ್ನಾಡಿರಲಿಲ್ಲ.

ನಮಗೆ ಇನ್ನೊಂದು ಶಂಕೆಯೂ ಇದೆ. ಯಕ್ಷಗಾನದ ಹಾಸ್ಯಗಾರ ಪರಭಾಷೆಯನ್ನು ಅಣಕಿಸುವಾಗ ಆ ಭಾಷೆಯ ಎರಡು ಶಬ್ದಗಳ ಸುತ್ತ ಅರ್ಥವಿಲ್ಲದ ಸದ್ದುಗಳನ್ನು ಪೋಣಿಸುತ್ತಾನೆ. ಆ ಗ್ರೀಕ್ ನಾಟಕಕಾರನೂ ಅಷ್ಟನ್ನೇ ಮಾಡಿರಲಾರನೇ? ಹಾಗಿದ್ದರೆ ನಾವು ನಗೆಯ ಗದ್ದಲಕ್ಕೆ ವ್ಯಾಕರಣ ಬರೆಯಹೊರಟಿದ್ದೇವೆ. ಇಷ್ಟೆಲ್ಲವಿದ್ದರೂ ನಮ್ಮ ಸಂಚಿಕೆಗಳಲ್ಲಿ ಮೂರು ಬಾರಿ ಬಂದಿರುವ ಈ ವಿಷಯದ ಲೇಖನಗಳಲ್ಲಿ ಬಾರ್ನೆಟ್ಟರ ಹೆಸರು ಒಮ್ಮೆಯೂ ಇಲ್ಲ. ಆ ಮೂರರಲ್ಲಿ ಒಂದು ನಮ್ಮದು.

ಶಾಮಶಾಸ್ತ್ರಿಗಳ ಪಾಂಡಿತ್ಯವನ್ನು ಇದರಿಂದ ಅಲ್ಲಗಳೆದಂತಾಗುವುದಿಲ್ಲ. ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ತಂಜಾವೂರು ಕಡೆಯ ಪಂಡಿತರೊಬ್ಬರು ಕೊಟ್ಟ ಗ್ರಂಥಲಿಪಿಯ ತಾಳೆಗರಿಗಳಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ 1909ರಲ್ಲಿ ಮೂಲವನ್ನೂ 1915ರಲ್ಲಿ ಇಂಗ್ಲಿಷ್ ಅನುವಾದವನ್ನೂ ಲೋಕಕ್ಕೆ ಕೊಟ್ಟವರು ಅವರೇ. ತೆರಿಗೆ, ಗಣಿ, ತೂಕ, ಕೂಲಿಗಳ ಬಗೆಗೆ ಪ್ರಾಚೀನ ಭಾರತ ಏನನ್ನು ಯೋಚಿಸಿತ್ತೆಂದು ಅರಿಯಲು ಇಂದಿಗೂ ಎಲ್ಲರೂ ಆ ಗ್ರಂಥಕ್ಕೇ ಬರುತ್ತಾರೆ. ವಿದ್ವಾಂಸರು ಒಬ್ಬರೇ, ಒಂದೆಡೆ ಕೈಯಲ್ಲಿದ್ದುದು ಓದಬಲ್ಲ ಗರಿಗಳ ಕಟ್ಟು, ಇನ್ನೊಂದೆಡೆ ಧ್ವನಿಸಾಮ್ಯ ಮಾತ್ರ. ಆ ಗರಿಗಳ ಮೇಲಿನ ವಿಚಾರಣೆಯೂ ಅಲ್ಲಿಗೇ ನಿಲ್ಲಲಿಲ್ಲ. ಥಾಮಸ್ ಟ್ರಾಟ್‌ಮನ್ 1971ರಲ್ಲಿ ‘ಚ’, ‘ವಾ’ ಮುಂತಾದ ಸಣ್ಣ ಶಬ್ದಗಳು ಯಾವ ಭಾಗದಲ್ಲಿ ಎಷ್ಟು ಬಾರಿ ಬರುತ್ತವೆಂದು ಸಂಖ್ಯಾಶಾಸ್ತ್ರದ ರೀತಿಯಲ್ಲಿ ಲೆಕ್ಕಹಾಕಿ, ಗ್ರಂಥ ಒಬ್ಬನೇ ಬರೆದುದಲ್ಲವೆಂದು ವಾದಿಸಿದರು. ನಮ್ಮ ಲೇಖಕರು ಮಾತ್ರ ಚಾಣಕ್ಯನೊಬ್ಬನೇ ಎಲ್ಲವನ್ನೂ ಬರೆದನೆಂದು ನಿಶ್ಚಿಂತೆಯಿಂದಿದ್ದಾರೆ.

ರೋಬಾಟುಗಳ ಲೇಖನದ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ. ಭೋಜರಾಜನ ‘ಸಮರಾಂಗಣ ಸೂತ್ರಧಾರ’ದಲ್ಲಿ ಚಲಿಸುವ ಮರದ ಬೊಂಬೆಗಳ ವರ್ಣನೆಯಿದೆ. ಅವುಗಳ ಜೋಡಣೆಯನ್ನು ಗೋಪ್ಯಕ್ಕಾಗಿ ಹೇಳಿಲ್ಲವೆಂದು ಗ್ರಂಥವೇ ತಿಳಿಸುತ್ತದೆ. ಅದು ಬಿಟ್ಟುದನ್ನು ನಮ್ಮ ಲೇಖಕರು ತುಂಬಿಕೊಟ್ಟಿದ್ದಾರೆ.

ಜೀವಶಾಸ್ತ್ರದವರಿಂದ ನಾವು ಕಲಿಯಬೇಕಾದುದಿದೆ. ‘ಹಸುರು ಹೊನ್ನು’ ಬರೆದ ಬಿ. ಜಿ. ಎಲ್. ಸ್ವಾಮಿಯವರನ್ನು ನಮ್ಮವರು ನಗೆಯ ಲೇಖಕರೆಂದೇ ಬಲ್ಲರು. ಅವರೂ ಹಾರ್ವರ್ಡಿನ ಗುರು ಬೈಲಿಯವರೂ ಕೂಡಿ ಸಾರ್ಕಾಂಡ್ರ ಎಂಬ ಗಿಡದಲ್ಲಿ ನೀರು ಸಾಗಿಸುವ ಕೊಳವೆಕೋಶಗಳೇ ಇಲ್ಲವೆಂದು 1950ರಲ್ಲಿ ಪ್ರಕಟಿಸಿದರು. ಹೂಬಿಡುವ ಸಸ್ಯಗಳ ವಂಶಚರಿತ್ರೆಗೆ ಅದು ಮುಖ್ಯ ಸಂಗತಿಯಾಯಿತು. ಸ್ವಾಮಿ 1980ರಲ್ಲಿ ತೀರಿಕೊಂಡರು. 1987ರಲ್ಲಿ ಕಾರ್ಲ್‌ಕ್ವಿಸ್ಟ್ ಎಂಬ ಸಸ್ಯವಿಜ್ಞಾನಿ ಅದೇ ಸಾರ್ಕಾಂಡ್ರದಲ್ಲಿ ಕೊಳವೆಕೋಶಗಳಿವೆ ಎಂದು ತೋರಿಸಿದರು. ಯಾರೂ ಮೆರವಣಿಗೆ ಹೊರಡಿಸಲಿಲ್ಲ, ಸ್ವಾಮಿಯವರ ಗೌರವಕ್ಕೆ ಕುಂದೂ ಬರಲಿಲ್ಲ. ಅವರು ತಾವು ನೋಡಿದುದನ್ನು ಇನ್ನೊಬ್ಬರು ಮತ್ತೆ ನೋಡಬಹುದಾದಂತೆ ಬರೆದಿಟ್ಟಿದ್ದರು. ನಮ್ಮ ಲೇಖನಗಳಲ್ಲಿ ಮರುಪರೀಕ್ಷೆಗೆ ಸಿಗುವಂಥದ್ದೇ ವಿರಳ. ‘ವಿದ್ವಾಂಸರು ಹೇಳುತ್ತಾರೆ’ ಎಂಬುದನ್ನು ಯಾವ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡುವುದು?

ಗಡಿಯಾಚೆ ಉಳಿದವರು ಹಳಮೆಯ ಹೆಮ್ಮೆಯನ್ನಾದರೂ ಇಟ್ಟುಕೊಳ್ಳಲಿ, ಇಷ್ಟು ಕಟುವಾಗಬೇಕೇ ಎಂದು ಹಿರಿಯ ಮಿತ್ರರೊಬ್ಬರು ಕೇಳಿದರು. ಅವರ ನೋವು ನಮ್ಮದೂ ಹೌದು. ಆದರೆ 1967ರಲ್ಲಿ ಮಹಾಜನ ಆಯೋಗವು ಚಂದ್ರಗಿರಿಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರತಕ್ಕದ್ದೆಂದು ಹೇಳಿದ್ದು ಯಾವ ಪಪೈರಸ್ಸನ್ನೂ ನೋಡಿ ಅಲ್ಲ. ಇಂದು ಶಾಲೆಗೆ ಕನ್ನಡ ಬಲ್ಲ ಅಧ್ಯಾಪಕರನ್ನು ಕೇಳಿ ಅರ್ಜಿ ಹಾಕುವಾಗಲೂ ನಾವು ಲಗತ್ತಿಸುವುದು ಹಾಜರಿ ಪಟ್ಟಿಯನ್ನೇ. ಹತ್ತು ದೃಢವಾದ ಕಾಗದಗಳ ನಡುವೆ ಒಂದು ಸಡಿಲ ಮಾತು ಸೇರಿದರೆ ಎದುರು ಪಕ್ಷದವರು ಮೊದಲು ಬೊಟ್ಟು ಮಾಡುವುದು ಅದಕ್ಕೇ. ನಮ್ಮ ಊರುಗಳ ಹಳೆಯ ಆಧಾರಪತ್ರಗಳು, ಶಾಲೆಗಳ ದಾಖಲಾತಿ ಪುಸ್ತಕಗಳು, ಮೇಳಗಳ ಲೆಕ್ಕದ ಕಡತಗಳು ಗೆದ್ದಲು ಹಿಡಿಯುತ್ತಿವೆ. ಅವನ್ನು ಓದಿ ಬರೆದ ಒಂದು ಲೇಖನವೂ ಇಷ್ಟು ಸಂಚಿಕೆಗಳಲ್ಲಿ ನಮಗೆ ಸಿಗಲಿಲ್ಲ.

ಆ ಹುಡುಗ ಈಗ ಮಧ್ಯವಯಸ್ಕ. ಕಳೆದ ವರ್ಷ ಮದುವೆಯ ಮನೆಯೊಂದರಲ್ಲಿ ಸಿಕ್ಕು ಕಾಲುಮುಟ್ಟಿ ನಮಸ್ಕರಿಸಿದ. ಅಂದು ಅವನನ್ನು ಕುಳ್ಳಿರಿಸಿದ್ದು ತಪ್ಪಾಯಿತೆಂದು ಹೇಳಿದೆವು. ಅವನಿಗೆ ತಾನು ಕೇಳಿದ ಪ್ರಶ್ನೆಯ ನೆನಪೇ ಇರಲಿಲ್ಲ. ಗ್ರೀಕ್ ನಾಟಕದಲ್ಲಿ ಕನ್ನಡವಿದೆಯೆಂದು ನಾವು ಹೇಳಿದ್ದು ಮಾತ್ರ ಚೆನ್ನಾಗಿ ನೆನಪಿತ್ತು, ಮಗಳಿಗೂ ಹೇಳಿಕೊಟ್ಟಿದ್ದಾನಂತೆ.