‘ಗೊಲ್ಗೊಥಾ’ಕ್ಕೆ ‘ವೈಶಾಖಿ’ಯ ದಾರಿ

ಮಂಜೇಶ್ವರದ ಗೋವಿಂದ ಪೈಗಳು (1883–1963) ಯೇಸುವಿನ ಕಡೆಯ ದಿನವನ್ನು ‘ಗೊಲ್ಗೊಥಾ’ದಲ್ಲೂ ಬುದ್ಧನ ಕಡೆಯ ದಿನವನ್ನು ‘ವೈಶಾಖಿ’ಯಲ್ಲೂ ಹಾಡಿದರು. ಕ್ರೈಸ್ತಳಾದ ನಾನು ಚಾಮರಾಜಪೇಟೆಯ ಮನೆಯಲ್ಲಿ ಪ್ರತಿ ಶುಭಶುಕ್ರವಾರ ಈ ಎರಡು ಖಂಡಕಾವ್ಯಗಳನ್ನೂ ಒಟ್ಟಿಗೆ ಓದುತ್ತೇನೆ.

ಈ ಜೋಡಿಯನ್ನು ‘ಸರ್ವಧರ್ಮ ಸಮನ್ವಯ’ ಎಂದು ಹೊಗಳಿ ಮುಗಿಸುವುದು ಸುಲಭ. ನನಗದು ಸಾಲದು. ಎರಡು ಸಾವುಗಳೂ ಒಂದೇ ಬಗೆಯವಲ್ಲ. ಬುದ್ಧ ಎಂಬತ್ತರ ವಯಸ್ಸಿನಲ್ಲಿ, ಕುಶಿನಗರದ ಸಾಲವೃಕ್ಷಗಳ ನಡುವೆ, ಶಿಷ್ಯರ ಎದುರು ಕಣ್ಮುಚ್ಚಿದ. ಕಡೆಯ ಊಟ ಬಡಿಸಿದ ಚುಂದನನ್ನು ಯಾರೂ ದೂರಬಾರದೆಂದು ಹೇಳಿ ಹೋದ. ಯೇಸುವಿನದು ಪ್ರಭುತ್ವ ವಿಧಿಸಿದ ಮರಣದಂಡನೆ. ಶಿಷ್ಯರಲ್ಲಿ ಹೆಚ್ಚಿನವರು ಓಡಿಹೋಗಿದ್ದರು. ದೇವರೇ ಕೈಬಿಟ್ಟನೆಂಬ ಕೂಗು ಅಲ್ಲಿದೆ.

ಆ ಕೂಗನ್ನು ಬುದ್ಧನ ಶಾಂತಿಯಿಂದ ಅಡಗಿಸಿದರೆ ಶಿಲುಬೆ ಹಗುರಾಗಿಬಿಡುತ್ತದೆ. ಆದರೆ ಬೌದ್ಧ ಧ್ಯಾನ ಶಾಂತಿಗಿಂತ ಮೊದಲು ಕಲಿಸುವುದು ಎಚ್ಚರವನ್ನು: ಉಸಿರನ್ನೂ ನೋವನ್ನೂ ಇದ್ದ ಹಾಗೆ ನೋಡುವುದನ್ನು. ಮೊದಲೆಲ್ಲ ನಾನು ಶುಕ್ರವಾರವನ್ನು ದಾಟಿ ಈಸ್ಟರ್ ಭಾನುವಾರಕ್ಕೆ ಓಡುತ್ತಿದ್ದೆ. ‘ವೈಶಾಖಿ’ಯ ಜೊತೆ ಕೂತು ಬಂದ ಮೇಲೆ ‘ಗೊಲ್ಗೊಥಾ’ದಲ್ಲಿ ನಿಲ್ಲುವುದನ್ನು ಕಲಿತೆ. ಪೈಗಳ ಬಿಗಿಯಾದ ಭಾಷೆಯೂ ಇದಕ್ಕೆ ನೆರವಾಯಿತು. ಆ ಸಾಲುಗಳನ್ನು ಅವಸರದಲ್ಲಿ ಓದಲು ಬರುವುದಿಲ್ಲ.