ಕಾರವಾಜೊನ ‘ಮೇರಿಮಾತೆಯ ಮರಣ’ದಲ್ಲಿ ಕರುಣರಸ

ಕ್ಯಾಥೊಲಿಕ್ ಪ್ರತಿಸುಧಾರಣೆಯ ಕಾಲದ ಚಿತ್ರಕಲೆಯೆಂದೊಡನೆ ದೇವದೂತರ ಮೇಳ, ತೆರೆದ ಮೇಘಮಂಡಲ, ಸ್ವರ್ಗದ ವೈಭವ ಇವೇ ಕಣ್ಣಮುಂದೆ ಸುಳಿಯುವುವು. ಮತಬೋಧೆಗೆ ಮೀಸಲಾದ ಆ ಕಲೆಯಲ್ಲಿ ಮಾನವಹೃದಯದ ಮಾರ್ದವಕ್ಕೆ ಎಡೆಯಿರಲಿಲ್ಲವೆಂದು ಎಣಿಸುವವರುಂಟು. ಈ ಎಣಿಕೆ ಸಾಧುವೇ ಎಂಬುದನ್ನು ಒಂದು ಕೃತಿಯಿಂದ ಪರೀಕ್ಷಿಸಬಹುದು.

ಚಿತ್ರಗಳು ಜನರಿಗೆ ಬೋಧೆಯನ್ನೀಯಬೇಕು, ಭಕ್ತಿಯನ್ನು ಪ್ರೇರಿಸಬೇಕು, ಅವುಗಳಲ್ಲಿ ಅನುಚಿತವಾದುದೊಂದೂ ಇರಬಾರದು ಎಂದು ಟ್ರೆಂಟಿನ ಧರ್ಮಸಭೆಯು 1563ರಲ್ಲಿ ವಿಧಿಸಿತು. ಪ್ರೇರಣೆಗೂ ಔಚಿತ್ಯಕ್ಕೂ ವಿರೋಧ ಬಂದರೆ ಗತಿಯೇನು? ರೋಮಿನ ಸಾಂತಾ ಮರಿಯಾ ದೆಲ್ಲಾ ಸ್ಕಾಲಾ ಇಗರ್ಜಿಗಾಗಿ 1601ರಲ್ಲಿ ಕಾರವಾಜೊ ಒಪ್ಪಿಕೊಂಡ ಈ ಚಿತ್ರದ ವಿಷಯದಲ್ಲಿ ಎದ್ದುದು ಇದೇ ಪ್ರಶ್ನೆ.

ಚಿತ್ರದಲ್ಲಿರುವುದು ಬಡವರ ಬರಿಯ ಕೋಣೆ; ಮೇಲೆ ಇಳಿಬಿದ್ದ ಕೆಂಪು ಪರದೆ. ಮಾತೆಯ ಶರೀರ ಊದಿಕೊಂಡಿದೆ. ಪಾದಗಳು ಬರಿಗಾಲಾಗಿ ಚಾಚಿವೆ. ತಲೆಯ ಹಿಂದಣ ಕೂದಲೆಳೆಯಂಥ ಪ್ರಭಾರೇಖೆಯೊಂದನ್ನುಳಿದು ದೈವತ್ವದ ಚಿಹ್ನೆಯೇ ಇಲ್ಲ. ಶಿಷ್ಯರು ಮೌನವಾಗಿ ನಿಂತಿದ್ದಾರೆ. ಮಗ್ದಲದ ಮೇರಿ ತಗ್ಗಿನ ಪೀಠದಲ್ಲಿ ಕುಳಿತು, ಮುಖ ಕಾಣದಂತೆ ಬಾಗಿ ಅಳುತ್ತಿದ್ದಾಳೆ. ಅವಳ ಮುಂದೊಂದು ತಾಮ್ರದ ಬೋಗುಣಿ. ಶವವನ್ನು ತೊಳೆಯಲು ತಂದುದೆಂದು ತೋರುತ್ತದೆ. ಸತ್ತವಳಿಗೆ ಸಲ್ಲಿಸುವ ಕಡೆಯ ಸೇವೆಯನ್ನು ಆ ಬೋಗುಣಿಯೊಂದೇ ಹೇಳುತ್ತದೆ.

ಕಾರ್ಮೆಲ್ ಪಂಥದ ಸನ್ಯಾಸಿಗಳು ಚಿತ್ರವನ್ನು ನಿರಾಕರಿಸಿದರು. ಅದರ ಬದಲಿಗೆ ಸರಚೇನಿ ಎಂಬಾತನು ಬರೆದ ಮೊದಲ ಚಿತ್ರವೂ ಅವರಿಗೆ ಒಪ್ಪಿಗೆಯಾಗಲಿಲ್ಲ. ದೇವದೂತರ ಮೇಳವನ್ನು ಸೇರಿಸಿ ಬರೆದ ಎರಡನೆಯದು ಒಪ್ಪಿಗೆಯಾಯಿತು. ಕಾರವಾಜೊನ ಕೃತಿಯನ್ನು 1607ರಲ್ಲಿ ರೂಬೆನ್ಸನ ಸಲಹೆಯಂತೆ ಮಾಂತುವದ ಪ್ರಭು ಕೊಂಡನು. ಈಗ ಅದು ಪ್ಯಾರಿಸಿನ ಲೂವ್ರ್ ಸಂಗ್ರಹಾಲಯದಲ್ಲಿದೆ.

ಸನ್ಯಾಸಿಗಳ ಆಕ್ಷೇಪಣೆಯನ್ನು ಅರಸಿಕತೆಯೆಂದು ತಳ್ಳಿಬಿಡುವುದು ನ್ಯಾಯವಲ್ಲ. ಮಾತೆಯ ಸ್ವರ್ಗಾರೋಹಣದ ಭರವಸೆಯನ್ನು ಕಾಯುವುದು ಅವರ ಧರ್ಮವಾಗಿತ್ತು. ಆದರೆ ರಸದ ದೃಷ್ಟಿಯಿಂದ ನೋಡಿದರೆ ಮಾತು ಬೇರೆ. ಕರುಣಕ್ಕೆ ಸ್ಥಾಯಿ ಶೋಕ. ಶೋಕಕ್ಕೆ ಆಲಂಬನ ನಿಜವಾದ ಅಗಲಿಕೆ. ಸ್ವರ್ಗವು ಕಣ್ಣೆದುರೇ ತೆರೆದಿರುವಲ್ಲಿ ಕಣ್ಣೀರಿಗೆ ಕಾರಣವೆಲ್ಲಿ? ಮಾತೆ ನಮ್ಮ ಮನೆಯ ತಾಯಂದಿರಂತೆಯೇ ಸತ್ತಿರುವುದರಿಂದಲೇ ಶಿಷ್ಯರ ಅಳಲು ನಮ್ಮದೂ ಆಗುತ್ತದೆ.

ಸರಚೇನಿಯ ಚಿತ್ರ ಭರವಸೆಯನ್ನು ಕೊಡುತ್ತದೆ. ಕಾರವಾಜೊನದು ಭರವಸೆ ಏತಕ್ಕೆ ಬೇಕೆಂಬುದನ್ನು ತಿಳಿಸುತ್ತದೆ. ಧರ್ಮಸಭೆ ಬಯಸಿದ ಭಕ್ತಿಪ್ರೇರಣೆ ಈ ಎರಡನೆಯದರಲ್ಲಿಯೇ ಹೆಚ್ಚೆಂದು ನಮ್ಮ ಅಭಿಪ್ರಾಯ.